ಮೂರನೇ ಚಿಟಿಕೆ

ಜನರ ಆಕಳಿಕೆಗೂ ಕೃತಿಸ್ವಾಮ್ಯ ಬಂದ ಮೇಲೆ, ಹಾಸಿಗೆ ಕಂಪನಿಯ ವೆಬ್‌ಸೈಟಿನಲ್ಲಿ ದೂರು ನೋಡಿಕೊಳ್ಳುವ ಸುಲೋಚನಾಗೆ ಬಿಡುವೆಂಬುದೇ ಇರಲಿಲ್ಲ. ಅಲ್ಲಿನ ಜಾಹೀರಾತಿನಲ್ಲಿ ಕೇಳಿಸುತ್ತಿದ್ದ ಆಕಳಿಕೆಗಳು ನಲವತ್ತು. ಅವು ತಮ್ಮವೆನ್ನುವವರು ದಿನಕ್ಕೆ ಇನ್ನೂರು ಜನ. ಕೇಳಿ ಕೇಳಿ ಅವಳಿಗೂ ಆಕಳಿಕೆ ಬರುತ್ತಿತ್ತು. ಬಾಯಿ ಬಿಗಿದು ನುಂಗಿಕೊಳ್ಳುತ್ತಿದ್ದಳು.

ಅಂದು ಗದಗಿನಿಂದ ಮಲ್ಲೇಶಪ್ಪ ಎಂಬ ನಿವೃತ್ತ ಡ್ರಾಯಿಂಗ್ ಮಾಸ್ತರರು ಫೋನ್ ಮಾಡಿದರು.

"ಹನ್ನೊಂದನೇ ಆಕಳಿಕಿ ನನ್ನ ಹೆಂಡತೀದರೀ. ಅಕಿ ತೀರಿಕೊಂಡು ಮೂರು ವರ್ಷಾತು."

"ಪುರಾವೆ ಏನೈತ್ರೀ?"

"ಕಡೀಕ ಬಾಯಿ ಮುಂದ ಎರಡು ಚಿಟಿಕಿ ಹೊಡೀತಾಳ. ಸ್ವಲ್ಪ ತಡದು ಇನ್ನೊಂದು. ಅದು ನನ್ನ ಪಾಲಿಂದು. ಅಕಿ ಆಕಳಿಸಿದ್ರ ನನಗೂ ಬರ್ತಿತ್ತು, ನಾ ಚಿಟಿಕಿ ಹೊಡೀತಿದ್ದಿಲ್ಲ."

ಸುಲೋಚನಾ ಆ ಆಕಳಿಕೆಯನ್ನು ಹಚ್ಚಿ ಕೇಳಿದಳು. ಎರಡು ಚಿಟಿಕೆ, ಒಂದು ಉಸಿರಿನಷ್ಟು ಬಿಡುವು, ಮತ್ತೊಂದು. ಈ ವರ್ಷ ಬಂದ ದೂರುಗಳಲ್ಲಿ ನಿಜವಾದದ್ದು ಇದೊಂದೇ.

"ನಿಮ್ಮ ಮಾತು ಖರೆ ಐತ್ರಿ ಸರ್. ಒಂದು ತಾಸಿನ್ಯಾಗ ಅಳಿಸಿಬಿಡ್ತೀವಿ."

"ಅಳಸೂದು ಯಾಕ್ರೀ?"

"ಕಾನೂನು ಹಂಗೈತ್ರೀ. ದೂರು ವಾಪಸ್ ತಗೊಳ್ಳಾಕೂ ಬರಂಗಿಲ್ಲ."



"ದಿನಾ ಮಧ್ಯಾಹ್ನ ಅದನ್ನ ಹಚ್ಚಿಕೊಂಡು ಮಲಗತೀನ್ರೀ," ಎಂದರು ಮಾಸ್ತರರು. "ಬಾಜೂಕ ಅಕಿ ಹೆಸರು ಹಾಕಲಿ ಅಂತಿದ್ದೆ, ಅಷ್ಟ."

ಸುಲೋಚನಾ ದೂರನ್ನು ಇನ್ನೊಮ್ಮೆ ಓದಿದಳು. 'ಪುರಾವೆ ಸಾಲದು, ತಿರಸ್ಕರಿಸಲಾಗಿದೆ' ಎಂಬ ಗುಂಡಿ ಒತ್ತಿ, ಅದನ್ನೇ ಅವರಿಗೆ ಓದಿ ಹೇಳಿದಳು.

"ಭಾಳ ಉಪಕಾರ ಆತ್ರೀ," ಎಂದ ಮಾಸ್ತರರಿಗೆ ದೊಡ್ಡದೊಂದು ಆಕಳಿಕೆ ಬಂತು. ಚಿಟಿಕೆ ಕೇಳಿಸಲಿಲ್ಲ.

ಸುಲೋಚನಾ ಫೋನಿನ ಹತ್ತಿರ ಕೈ ತಂದು ಒಂದು ಹೊಡೆದಳು.