ಮಂಗಳದ ಪದ್ಯ

"ಇನ್ನೇನು ಉಳಿದಿದೆ ನನ್ನ ಹತ್ರ?" ಸೈಕಲ್ಲಿನಿಂದ ಇಳಿಯುತ್ತ ನಾಗವೇಣಿ ಗಾಳಿಗೇ ಕೇಳಿದಳು.

ಗುಬ್ಬಿಯಿಂದ ಹಿಮಾಲಯದ ಬುಡದವರೆಗೆ ಒಬ್ಬಳೇ ತುಳಿದುಕೊಂಡು ಬಂದಿದ್ದಳು. ದಾಟಿದ ಪ್ರತಿ ರಾಜ್ಯದ ಗಡಿಯಲ್ಲೂ, ಎಲ್ಲರಂತೆ, ಬಾಯಿಪಾಠದ ಒಂದು ಪದ್ಯವನ್ನು ಸುಂಕವಾಗಿ ಹೇಳಿದ್ದಳು. ಅಲ್ಲಿ ಹೇಳಿದ್ದು ಅಡ್ಡಗಂಬ ಮೇಲೇಳುವಷ್ಟರಲ್ಲಿ ಹೇಳಿದವರಿಗೂ ಕೇಳಿದವರಿಗೂ ಮರೆತುಹೋಗುತ್ತಿತ್ತು. ಹೊರಡುವಾಗ ಗಣಪನ ಸ್ತುತಿಯನ್ನೂ ಸೇರಿಸಿ ಗಡಿಗೊಂದರಂತೆ ಪದ್ಯ ಎಣಿಸಿಟ್ಟುಕೊಂಡಿದ್ದಳು. ಆದರೆ ಮೊದಲ ಗಡಿಯಲ್ಲೇ, ಮನೆಯ ರೂಢಿಯಂತೆ, ಗಣಪನ ಸ್ತುತಿ ಹೇಳಿಯೇ ಪದ್ಯಕ್ಕೆ ಬಾಯಿ ತೆರೆದಿದ್ದಳು. ಎರಡೂ ಹೋದವು.

ಹಾಗಾಗಿ ಈ ಕೊನೆಯ ಗಡಿಗೆ ಉಳಿದದ್ದು, ಎಣಿಕೆಗೆ ಸೇರಿಸದೆ ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು. ಅಪ್ಪ ಭಾರತ ಓದಿ ಮುಗಿಸುವಾಗ ಕಣ್ಣುಮುಚ್ಚಿ ಹಾಡುತ್ತಿದ್ದ ಮಂಗಳದ ಪದ್ಯ. ಅಪ್ಪ ಹೋದಮೇಲೆ ಅದು ಇದ್ದದ್ದು ಅವಳೊಬ್ಬಳ ಬಾಯಲ್ಲಿ. ತಮ್ಮನಿಗೆ ಕಲಿಸಬೇಕೆಂದೇ ಇಷ್ಟು ದೂರ ಬಂದಿದ್ದಳು.

ತಮ್ಮ ಪಟ್ಟಾಭಿ ಅಡ್ಡಗಂಬದ ಆಚೆಯೇ ನಿಂತಿದ್ದ. ಅವನು ಹಿಂದೆ ಇದೇ ದಾರಿಯಲ್ಲಿ ದಾಟಿಹೋಗಿದ್ದವನು. ಅಪ್ಪ ಕಲಿಸಿದ ಒಂದು ಸಾಲೂ ಅವನಲ್ಲಿ ಉಳಿದಿರಲಿಲ್ಲ.

ಗಡಿಯವನು, ಶುರುಮಾಡಿ ಎನ್ನುವಂತೆ ಕೈಯಾಡಿಸಿದ.

"ಹೇಳ್ಬಿಡೇ ಅಕ್ಕಾ," ಪಟ್ಟಾಭಿ ಕೂಗಿದ. "ಹೋದ್ರೆ ಹೋಗ್ಲಿ ಪದ್ಯ. ಅನ್ನ, ಸಾರು ಮಾಡಿಟ್ಟು ಬಂದಿದೀನಿ. ನಾನೇ ಆ ಕಡೆ ಬರೋಣ ಅಂದ್ರೆ, ಸುಂಕ ಹೇಳೋಕೆ ನನ್ನ ಬಾಯಲ್ಲಿ ಏನಿದೆ ಹೇಳು? ಹನ್ನೊಂದು ವರ್ಷ ಆಯ್ತು ಕಣೇ ನಿನ್ನ ನೋಡಿ."

ಅವನ ಕಿವಿಯ ಮೇಲಿನ ಕೂದಲು ನೆರೆತಿತ್ತು. ನಾಗವೇಣಿ ತುಂಬಾ ಹೊತ್ತು ನೋಡಿದಳು.

"ಥೇಟ್ ಅಪ್ಪನ ಹಾಗೇ ಆಗಿದೀಯ ಕಣೋ," ಎಂದಳು. ಆಮೇಲೆ ಸೈಕಲ್ಲಿನ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡಳು. "ಆದ್ರೆ ಹೇಳಲ್ಲ."