ಸಯನ್ ಕೆರೆಯ ಸಕರ್ ಮೀನು

ಬಲೆಯನ್ನು ಸಯನ್ ಕೆರೆಯ ದಡಕ್ಕೆ ಎಳೆದ ಸುವರ್ಣಾ, ಒಳಗೆ ಒದ್ದಾಡುತ್ತಿದ್ದ ಕಪ್ಪು ಸಕರ್ ಮೀನನ್ನು ಕಂಡು ಹಾಗೆಯೇ ನಿಂತುಬಿಟ್ಟಳು. ಅದರ ಬೆನ್ನಿನ ರೆಕ್ಕೆ ಮೊದಲಿನಂತೆಯೇ ಅರ್ಧ ಹರಿದಿತ್ತು. ವರ್ಷಗಟ್ಟಲೆ ತನ್ನ ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನಿನ ಗುರುತು ಅವಳಿಗೆ ಸಿಗದೆ ಇದ್ದೀತೇ? ಬಕೆಟ್ ಹಿಡಿದು ಪಕ್ಕದಲ್ಲಿದ್ದ ಗಂಡ ಮಹಾಂತೇಶ ಮುಖ ಆಚೆ ತಿರುಗಿಸಿದ.

"ಇದನ್ನ ಪಾರ್ಲೆದಾಗಿನ ಗೆಳ್ಯಾಗ ಕೊಟ್ಟೇನಿ ಅಂದಿದ್ರಲ್ಲ?"

"ಅಂವಾ ಒಲ್ಲೆ ಅಂದ. ಕೊಲ್ಲಾಕ ಮನಸ್ಸು ಬರಲಿಲ್ಲ, ಇಲ್ಲೇ ಬಿಟ್ಟೆ. ಸುಮ್ನಿರು, ಮಂದಿ ಅದಾರ."

ಹೊರಗಿನಿಂದ ಬಂದ ಈ ಜಾತಿ ಕೆರೆಯ ಮೀನುಗಳ ಮೊಟ್ಟೆಯನ್ನೆಲ್ಲ ತಿಂದು ಮುಗಿಸುತ್ತಿದೆಯೆಂದು, ಕೆರೆ ಉಳಿಸುವ ಅವಳ ತಂಡ ಪ್ರತಿ ಭಾನುವಾರ ಬಲೆ ಹಾಕಿ ಅದನ್ನು ಹಿಡಿಯುತ್ತಿತ್ತು. ಇಂಥ ಮೀನನ್ನು ಕೆರೆಗೆ ತಂದು ಬಿಟ್ಟವರನ್ನು ಅವಳು ಬೈಯುವಾಗಲೆಲ್ಲ ಅವಳಿಗಿಂತ ಜೋರಾಗಿ ಬೈಯುತ್ತಿದ್ದವನು ಇವನೇ. ಮೀನು ಬಿಟ್ಟದ್ದಕ್ಕಿಂತ ಆ ಬೈಗುಳವೇ ಈಗ ಅವಳನ್ನು ಹೆಚ್ಚು ಇರಿಯಿತು.

ಏನಾದರೂ ಸಿಕ್ಕಿತೇ ಎಂದು ಆಚೆ ದಡದಿಂದ ತಂಡದ ನಿಶಾ ಹಿಂದಿಯಲ್ಲಿ ಕೂಗಿದಳು: "ಸುವರ್ಣಾ ಆಂಟಿ, ಕುಛ್ ಮಿಲಾ?"

ಮಹಾಂತೇಶ ಅವಳ ಮೊಣಕೈ ಹಿಡಿದ. ಸುವರ್ಣಾ ಕೊಸರಿಕೊಂಡು, ಬಲೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಮಿಲಾ! ಹಮಾರೇ ಹೀ ಘರ್ ಕೀ ಹೈ! ನಮ್ಮ ಮನೀದ ಮೀನ!"