ಮೈಕ್ ಟೆಸ್ಟಿಂಗ್

ನಮ್ಮ ಬ್ಯಾಂಡಿನ ಡ್ರಮ್ಮರ್ ವಲೇರಿಯನ್ ಅಂಕಲ್ ನಿಧಾನ ಲಯದ ಬ್ಲೂಸ್ ಹಾಡುಗಳಿಗೆ ಇನ್ನೂ ಚೆನ್ನಾಗಿಯೇ ನುಡಿಸುತ್ತಿದ್ದರು. ರಾಕ್ ಹಾಡುಗಳ ವೇಗಕ್ಕೆ ಮಾತ್ರ ಅವರ ಕೈ ಓಡುತ್ತಿರಲಿಲ್ಲ. ಅವರಿಗೆ ತಿಳಿಸದೆ ಹೊಸಬನೊಬ್ಬನನ್ನು ಕರೆಸಿ ಅವನ ಕೈಯಲ್ಲಿ ನುಡಿಸಿ ನೋಡೋಣವೆಂದು ಉಳಿದ ನಾವು ಮೂವರು ನಿರ್ಧರಿಸಿದೆವು. ಆದರೆ ಡ್ರಮ್ಸ್ ಇದ್ದದ್ದು ಅಂಕಲ್ ಹತ್ತಿರವೇ. ಕೇಳುವ ಕೆಲಸ ನನ್ನ ಪಾಲಿಗೆ ಬಂತು.

"ಭಾನುವಾರ ನಿಮ್ಮ ಡ್ರಮ್ಸ್ ಬೇಕಿತ್ತು ಅಂಕಲ್. ಮೈಕ್ ಟೆಸ್ಟಿಂಗಿಗೆ. ನೀವು ಬರುವುದು ಬೇಡ, ರೆಸ್ಟ್ ಮಾಡಿ."

"ಆಯ್ತು ಮಾರಾಯ."

ಭಾನುವಾರ ನಾವು ಹಾಲ್ ತಲುಪುವಷ್ಟರಲ್ಲಿ ಅಂಕಲ್ ತಾವೇ ಬಂದು ಡ್ರಮ್ಸ್ ಜೋಡಿಸಿ, ಹೊರಟು ನಿಂತಿದ್ದರು.

"ನೀವು ಯಾಕೆ ಬಂದದ್ದು ಅಂಕಲ್?" ಎಂದೆ, ಅವರ ಮುಖ ನೋಡಲಾಗದೆ.

"ನೀವು ಕರೆದ ಹುಡುಗ ನನ್ನ ಹತ್ರವೇ ಕಲಿತದ್ದು. ನನಗಿಂತ ಉದ್ದ ಇದ್ದಾನೆ. ಸ್ಟೂಲ್ ಸ್ವಲ್ಪ ಏರಿಸಿಟ್ಟಿದ್ದೇನೆ."